ದೀಮದ ಹಕ್ಕಿಯೂ ಕಾಡುಪಾರಿವಾಳವೂ

ಪಳಗಿಸಿದ ಹಕ್ಕಿಯೊಂದನ್ನು ಮುಂದೊಡ್ಡಿ, ಅದೇ ಜಾತಿಯ ಬೇರೆ ಹಕ್ಕಿಗಳನ್ನು ಬಲೆಯ ಬಳಿಗೆ ಸೆಳೆಯುವ ಉಪಾಯವು ನಮ್ಮ ಬೇಡರಿಗೆ ಬಹು ಹಿಂದಿನಿಂದಲೂ ತಿಳಿದಿತ್ತು. ಹಾಗೆ ಮುಂದೊಡ್ಡಿದ ಪ್ರಾಣಿಗೆ ಕನ್ನಡದಲ್ಲಿ ದೀಮವೆಂದು ಹೆಸರು. ಇಂಗ್ಲೆಂಡಿನ ಹೊಲಗಳಲ್ಲಿ ಇಂದಿಗೂ ಚಳಿಗಾಲ ಬಂತೆಂದರೆ ಇದೇ ಉಪಾಯವು ನಡೆಯುತ್ತದೆ. ಅಲ್ಲಿಯ ದೀಮವು ಪ್ಲಾಸ್ಟಿಕ್ಕಿನ ಬೊಂಬೆ, ಇಲ್ಲವೆ ಆಗತಾನೆ ಸತ್ತ ಹಕ್ಕಿ, ಬಲೆಗೆ ಬದಲಾಗಿ ಬಂದೂಕ, ಮೋಸಹೋಗುವುದು ಕಾಡುಪಾರಿವಾಳ. ಬೆಳೆಯನ್ನು ಉಳಿಸಿಕೊಳ್ಳಬೇಕೆಂಬುದೇ ಈ ಬೇಟೆಗೆ ಹೇಳುವ ಮುಖ್ಯ ಕಾರಣ. ಇದನ್ನು ಕೇಳಿದವರಿಗೆ ಎರಡು ಪ್ರಶ್ನೆಗಳು ಹುಟ್ಟುವುದು ಸಹಜ. ಅಷ್ಟು ಬೆದರುವ ಹಕ್ಕಿಯು ಬೊಂಬೆಗೆ ಏಕೆ ಮರುಳಾಗುತ್ತದೆ? ಕೊಂದಷ್ಟೂ ಹಕ್ಕಿಗಳು ಕಡಮೆಯಾಗುತ್ತವೆಯೆ? ಎರಡನೆಯ ಪ್ರಶ್ನೆಗೆ ಉತ್ತರವು ಸುಲಭವೆಂದು ತೋರುತ್ತದೆ. ಆದರೆ ವಿಜ್ಞಾನಿಗಳು ಅದಕ್ಕಾಗಿ ಅನೇಕ ಚಳಿಗಾಲಗಳನ್ನು ಹೊಲದಲ್ಲಿಯೇ ಕಳೆಯಬೇಕಾಯಿತು.

ಮೊದಲು ಹಕ್ಕಿಯ ಪರಿಚಯವಾಗಲಿ. ಇದು ನಮ್ಮ ಗುಡಿಗೋಪುರಗಳ ಪಾರಿವಾಳಕ್ಕಿಂತ ದೊಡ್ಡದು. ಸುಮಾರು ಅರ್ಧ ಕಿಲೋಗ್ರಾಂ ತೂಗುತ್ತದೆ. ಮೈ ಬೂದುಬಣ್ಣ, ಎದೆಯಲ್ಲಿ ನಸುಗೆಂಪಿನ ಛಾಯೆ, ಕೊರಳಿನ ಎರಡು ಪಕ್ಕಗಳಲ್ಲಿಯೂ ಬಿಳಿಯ ಮಚ್ಚೆ. ರೆಕ್ಕೆ ಬಿಚ್ಚಿದಾಗ ಮಾತ್ರ ಒಂದೊಂದು ರೆಕ್ಕೆಗೂ ಅಡ್ಡಲಾಗಿ ಬಿಳಿಯ ಪಟ್ಟೆಯೊಂದು ಎದ್ದುಕಾಣುತ್ತದೆ. ಈ ಪಟ್ಟೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ಪಶ್ಚಿಮ ಘಟ್ಟಗಳಲ್ಲಿರುವ ನೀಲಗಿರಿ ಕಾಡುಪಾರಿವಾಳವೂ ಇದೇ ಕುಲದ್ದು. ಆದರೆ ಅದು ಕಾಡಿನ ಹಣ್ಣುಗಳನ್ನು ತಿಂದು ಬಾಳುವ ಸಂಕೋಚದ ಹಕ್ಕಿ, ಸಂಖ್ಯೆಯಲ್ಲಿ ವಿರಳ. ಇಂಗ್ಲೆಂಡಿನ ನಂಟನಾದರೋ ಬೇಸಾಯಗಾರನ ಬೆನ್ನುಹತ್ತಿ ಹಬ್ಬಿತು. ಬ್ರಿಟನ್ನಿನಲ್ಲಿ ಇಂದು ಗೂಡುಕಟ್ಟುವ ಜೋಡಿಗಳೇ ಸುಮಾರು 50 ಲಕ್ಷವೆಂದು ಎಣಿಸಿದ್ದಾರೆ.

ಸುಗ್ಗಿಯ ಕಾಲದಲ್ಲಿ ಈ ಹಕ್ಕಿಗೆ ಉದುರಿದ ಕಾಳು ಬೇಕಾದಷ್ಟು ಸಿಗುತ್ತದೆ. ಚಳಿಗಾಲದ ನಡುವಿಗೆ ಬರುವಾಗ ಕಾಳು ತೀರಿಹೋಗಿರುತ್ತದೆ; ಉಳಿಯುವುದು ಹಸುರೆಲೆಯೊಂದೇ. ಎಲೆಯಲ್ಲಿ ಕಾಳಿನಷ್ಟು ಸತ್ತ್ವವಿಲ್ಲ. ಹಗಲೋ ಬಹಳ ಮೊಟಕು. ಆದುದರಿಂದ ಹಕ್ಕಿಯು ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದೆ ಕುಕ್ಕಿ ತಿಂದು, ಕೊರಳಚೀಲವನ್ನು ತುಂಬಿಕೊಂಡು, ಇರುಳೆಲ್ಲಾ ಅದನ್ನು ಜೀರ್ಣಿಸಿಕೊಳ್ಳಬೇಕಾಗುತ್ತದೆ. ಹಿಂದೆ ಈ ಎಲೆಯು ಕ್ಲೋವರ್ ಎಂಬ ಮೇವಿನ ಸೊಪ್ಪಾಗಿತ್ತು. 1970ರ ದಶಕದಿಂದೀಚೆಗೆ ರೇಪ್ ಎಂಬ ಎಣ್ಣೆಬೀಜದ ಬೆಳೆಯು ಅದರ ಸ್ಥಾನಕ್ಕೆ ಬಂದಿದೆ. ಇದು ನಮ್ಮ ಸಾಸಿವೆಯ ಹತ್ತಿರದ ನಂಟು. ಶರತ್ಕಾಲದ ಮೊದಲಿಗೇ ಬಿತ್ತುವುದರಿಂದ ಚಳಿಗಾಲವೆಲ್ಲಾ ಹೊಲದಲ್ಲಿ ಹಸುರಾಗಿ ನಿಂತಿರುತ್ತದೆ. ಸಾವಿರಾರು ಹಕ್ಕಿಗಳು ಒಂದೇ ಹೊಲಕ್ಕೆ ಇಳಿದರೆ ಎಲೆಯು ಹೋಗಿ ದಂಟು ಮಾತ್ರ ಉಳಿಯುವುದುಂಟು. ಗಿಡವು ವಸಂತದಲ್ಲಿ ಮತ್ತೆ ಚಿಗುರಿ ನಷ್ಟವನ್ನು ತುಂಬಿಕೊಳ್ಳುವುದೂ ಉಂಟು. ಆದರೆ ಹೂವು ತಡವಾಗಿ, ಕಾಯಿ ಒಂದೇ ಸಮನೆ ಮಾಗದೆ, ಕೊಯಿಲಿಗೆ ತೊಡಕಾಗುತ್ತದೆ.

ಇನ್ನು ಬೇಟೆಯ ಕ್ರಮವನ್ನು ನೋಡೋಣ. ಅನುಭವಿಯಾದ ಬೇಟೆಗಾರನು ಬಂದೂಕಕ್ಕಿಂತ ಮೊದಲು ದುರ್ಬೀನನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಪಾರಿವಾಳಗಳು ಮಲಗುವ ತೋಪಿನಿಂದ ಮೇಯುವ ಹೊಲಕ್ಕೆ ಬೇಲಿ, ಮರದ ಸಾಲು, ಕಣಿವೆಗಳ ಜಾಡನ್ನೇ ಹಿಡಿದು ಹಾರುತ್ತವೆ. ಆ ಜಾಡನ್ನು ಗುರುತಿಸದೆ ಕುಳಿತವನು ಇಡೀ ದಿನ ಬರಿಯ ಆಕಾಶವನ್ನು ನೋಡಬೇಕಾದೀತು. ಜಾಡು ತಿಳಿದ ಮೇಲೆ ಬೇಲಿಯ ಪಕ್ಕದಲ್ಲಿ ಬಲೆಯನ್ನು ಇಳಿಬಿಟ್ಟು ಮರೆಯೊಂದನ್ನು ಕಟ್ಟುತ್ತಾನೆ. ಗಾಳಿಯು ಅವನ ಬೆನ್ನಿನ ಕಡೆಯಿಂದ ಬೀಸಬೇಕು. ಹಕ್ಕಿಗಳು ಯಾವಾಗಲೂ ಗಾಳಿಗೆ ಎದುರಾಗಿಯೇ ಇಳಿಯುವುದರಿಂದ ಆಗ ಅವು ನೇರವಾಗಿ ಅವನ ಮುಂದಕ್ಕೆ ಬರುತ್ತವೆ. ಮರೆಯಿಂದ ಸುಮಾರು 20 ಮೀಟರು ದೂರದಲ್ಲಿ ದೀಮಗಳನ್ನು ಕುದುರೆಯ ಲಾಳದ ಆಕಾರದಲ್ಲಿ ಹರಡಿ, ಲಾಳದ ಬಾಯಿಯನ್ನು ಗಾಳಿ ಹೋಗುವ ಕಡೆಗೆ ಬಿಡುತ್ತಾನೆ. ನಡುವಣ ಬಯಲು ಹೊಸದಾಗಿ ಬರುವವರಿಗೆ ಹಾಕಿದ ಮಣೆಯಿದ್ದಂತೆ. ದೀಮಗಳ ಮೈ ಹೊಳೆಯಬಾರದು, ಒತ್ತೊತ್ತಾಗಿಯೂ ಇರಬಾರದು. ಸತ್ತ ಹಕ್ಕಿಯನ್ನು ಇಡುವುದಾದರೆ ಗದ್ದದ ಕೆಳಗೆ ಕಡ್ಡಿಯ ಆಸರೆ ಕೊಟ್ಟು, ರೆಕ್ಕೆಯನ್ನು ಅಚ್ಚುಕಟ್ಟಾಗಿ ಮಡಿಸಿಡುತ್ತಾರೆ. ಚರೆಗುಂಡು 30 ಮೀಟರಿಗಿಂತ ಆಚೆ ಹೋದಂತೆ ಚದರಿ, ಹಕ್ಕಿಯನ್ನು ಕೊಲ್ಲದೆ ಗಾಯಗೊಳಿಸುವ ಸಂಭವವು ಹೆಚ್ಚಾಗುವುದರಿಂದ, ವಿವೇಕಿಯಾದವನು ಹಕ್ಕಿಯು ಹತ್ತಿರಕ್ಕೆ ಬರುವವರೆಗೆ ಕಾಯುತ್ತಾನೆ. ಕಾಯದವರೂ ಇದ್ದಾರೆ.

ರೆಕ್ಕೆಯನ್ನು ಏಕೆ ಮಡಿಸಬೇಕು? ಇಲ್ಲಿಯೇ ಮೊದಲನೆಯ ಪ್ರಶ್ನೆಗೆ ಉತ್ತರವಿದೆ. ಒಂಟಿಯಾಗಿ ಮೇಯುವ ಪಾರಿವಾಳವು ಪದೇ ಪದೇ ತಲೆಯೆತ್ತಿ ಸುತ್ತಲೂ ನೋಡುತ್ತದೆ. ನೋಡಿದಷ್ಟು ಹೊತ್ತೂ ಅದಕ್ಕೆ ಊಟವಿಲ್ಲ. ಗುಂಪಿನಲ್ಲಾದರೆ ನೂರು ಕಣ್ಣುಗಳ ಕಾವಲಿರುತ್ತದೆ. ಕೆನ್ವರ್ಡ್ ಎಂಬ ವಿಜ್ಞಾನಿಯು ಪಳಗಿಸಿದ ಗಿಡುಗವನ್ನು ಕಾಡುಪಾರಿವಾಳಗಳ ಮೇಲೆ ಬಿಟ್ಟು ಪರೀಕ್ಷಿಸಿ, 1978ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಒಂಟಿ ಹಕ್ಕಿಗಳು ಗಿಡುಗಕ್ಕೆ ಸುಲಭವಾಗಿ ಸಿಕ್ಕಿದುವು. ಗುಂಪು ದೊಡ್ಡದಾದಂತೆ ಅವು ಗಿಡುಗವನ್ನು ಹೆಚ್ಚು ದೂರದಿಂದಲೇ ಕಂಡು ತಪ್ಪಿಸಿಕೊಂಡುವು. ಆದುದರಿಂದ ಮೇಲೆ ಹಾರುವ ಹಕ್ಕಿಗೆ, ಕೆಳಗೆ ನೆಮ್ಮದಿಯಾಗಿ ಮೇಯುವ ತನ್ನವರು ಕಂಡರೆ, ಆಹಾರವೂ ಅಭಯವೂ ಒಂದೇ ಕಡೆ ದೊರೆತಂತೆ. ಆದರೆ ರೆಕ್ಕೆ ಬಿಚ್ಚಿ ಬಿಳಿಯ ಪಟ್ಟೆಗಳು ಮಿನುಗಿದರೆ, ಯಾರೋ ಬೆದರಿ ಏಳುತ್ತಿದ್ದಾರೆಂಬ ಸೂಚನೆ. ಬ್ರಿಟಿಷ್ ವಿಜ್ಞಾನಿಗಳು ಸತ್ತ ಹಕ್ಕಿಗಳನ್ನು ಬಗೆಬಗೆಯ ಭಂಗಿಗಳಲ್ಲಿ ಇರಿಸಿ ನೋಡಿದಾಗ, ರೆಕ್ಕೆ ಮಡಿಸಿದವು ಉಳಿದ ಹಕ್ಕಿಗಳನ್ನು ಕರೆದುವು, ರೆಕ್ಕೆ ಹರಡಿದವು ಓಡಿಸಿದುವು. ಒಂದೇ ಹಕ್ಕಿಯ ದೇಹವು ದೀಮವೂ ಆಗಬಲ್ಲದು, ಬೆದರುಬೊಂಬೆಯೂ ಆಗಬಲ್ಲದು!

ಎರಡನೆಯ ಪ್ರಶ್ನೆಯು ಹೆಚ್ಚು ತೊಡಕಿನದು. 1950ರ ದಶಕದಲ್ಲಿ ಬ್ರಿಟಿಷ್ ಸರ್ಕಾರವು ಚಳಿಗಾಲದ ಪಾರಿವಾಳ ಬೇಟೆಗೆ ತೋಟಾಗಳ ಬೆಲೆಯಲ್ಲಿ ಒಂದು ಭಾಗವನ್ನು ತಾನೇ ಕೊಡುತ್ತಿತ್ತು. ಹಕ್ಕಿಗಳು ರಾಶಿರಾಶಿಯಾಗಿ ಬಿದ್ದುವು. ಅದೇ ಕಾಲದಲ್ಲಿ ಆರ್. ಕೆ. ಮರ್ಟನ್ ಎಂಬ ಪಕ್ಷಿವಿಜ್ಞಾನಿಯೂ ಅವನ ಜೊತೆಗಾರರೂ ಕೇಂಬ್ರಿಜ್‌ಷೈರಿನ ಕಾರ್ಲ್‌ಟನ್ ಎಂಬ ಹಳ್ಳಿಯ ಹೊಲಗಳಲ್ಲಿ ಹಕ್ಕಿಗಳನ್ನೂ, ಅವು ತಿನ್ನುವ ಕ್ಲೋವರ್ ಎಲೆಯನ್ನೂ ವರ್ಷವರ್ಷವೂ ಎಣಿಸುತ್ತಿದ್ದರು. ಶರತ್ಕಾಲದಲ್ಲಿ ಮರಿಗಳೂ ಸೇರಿ ಗುಂಪು ಹಿಗ್ಗುತ್ತಿತ್ತು; ಚಳಿಗಾಲದ ಕೊನೆಗೆ ಕ್ಲೋವರ್ ಎಷ್ಟು ಹೊಟ್ಟೆಗಳಿಗೆ ಸಾಲುವುದೋ ಅಷ್ಟಕ್ಕೆ ಕುಗ್ಗುತ್ತಿತ್ತು. ಗುಂಪಿನ ಮುಂಚೂಣಿಯಲ್ಲಿ ಮೇಯುವ ದುರ್ಬಲ ಹಕ್ಕಿಗಳು ಹಿಂದಿನವರ ಒತ್ತಡದಿಂದ ನಿಧಾನವಾಗಿ ಕುಕ್ಕುತ್ತಿದ್ದುವು. ಹಸಿವು ಬಂದಾಗ ಮೊದಲು ಹೋಗುತ್ತಿದ್ದವು ಇವೇ. ಬೇಟೆಗಾರನು ಜನವರಿಯಲ್ಲಿ ಕೊಂದುದು, ಬಹುಮಟ್ಟಿಗೆ, ಮಾರ್ಚಿಯೊಳಗೆ ಹಸಿವು ಕೊಲ್ಲಲಿದ್ದ ಹಕ್ಕಿಗಳ ಲೆಕ್ಕವನ್ನೇ. ಒಂದು ಹಕ್ಕಿ ಬಿದ್ದರೆ ಅದರ ಪಾಲಿನ ಎಲೆಯು ಇನ್ನೊಂದನ್ನು ಉಳಿಸಿತು. ಅಷ್ಟೂ ಸಾಲದೆ ಹೊರಗಿನಿಂದ ಹಕ್ಕಿಗಳು ಬಂದು ಸೇರಿದುವು. ವಸಂತದಲ್ಲಿ ಎಣಿಸಿದರೆ ಸಂಖ್ಯೆಯು ಬೇಟೆಯಿಂದ ಕಡಮೆಯಾಗಿರಲಿಲ್ಲ. ತೋಟಾದ ಸಹಾಯಧನವು 1960ರ ದಶಕದಲ್ಲಿ ನಿಂತುಹೋಯಿತು.

ಹಾಗೆಂದು ದೀಮದ ಬೇಟೆಯು ವ್ಯರ್ಥವೆಂದು ಹೇಳಿದರೆ ಬೆಳೆಗಾರನಿಗೆ ಅನ್ಯಾಯವಾದೀತು. ದೇಶದ ಹಕ್ಕಿಗಳನ್ನು ಕಡಮೆಮಾಡುವುದು ಬೇರೆ, ಈ ವಾರ ಈ ಹೊಲವನ್ನು ಕಾಯುವುದು ಬೇರೆ. ಎಳೆಯ ಗಿಡಗಳು ಕಷ್ಟದಲ್ಲಿರುವ ದಿನಗಳಲ್ಲಿ ಬಂದೂಕಧಾರಿಯೊಬ್ಬನು ಬೇಲಿಯ ಬಳಿ ಕುಳಿತಿದ್ದರೆ ಗುಂಪು ಬೇರೆಡೆಗೆ ತೊಲಗುತ್ತದೆ. ಅದು ನೆರೆಯವನ ಹೊಲಕ್ಕೇ ಹೋಗಬಹುದೆಂಬುದು ನಿಜ! ಇಂಗ್ಲೆಂಡಿನ ಕಾನೂನು ಈ ಭೇದವನ್ನು ಒಪ್ಪಿದೆ. 1981ರ ವನ್ಯಜೀವಿ ಕಾಯಿದೆಯ ಮೇರೆಗೆ ಕಾಡುಪಾರಿವಾಳಕ್ಕೂ ರಕ್ಷಣೆಯುಂಟು. ಬೆಳೆಗೆ ಗಂಭೀರ ನಷ್ಟವನ್ನು ತಪ್ಪಿಸುವುದಕ್ಕಾಗಿ ಕೊಡುವ ಸಾಮಾನ್ಯ ಪರವಾನಗಿಯ ಷರತ್ತಿಗೆ ಒಳಪಟ್ಟು ಮಾತ್ರ ಕೊಲ್ಲಬಹುದು. 2019ರಲ್ಲಿ ನ್ಯಾಯಾಲಯದ ದಾವೆಯ ಬೆದರಿಕೆಯಿಂದ ಹಳೆಯ ಪರವಾನಗಿಗಳು ರದ್ದಾಗಿ ಹೊಸವು ಬಂದುವು.

ಮರ್ಟನ್ನನ ಎಣಿಕೆಗೆ ಮುಂದಿನ ವರ್ಷಗಳು ಇನ್ನೊಂದು ಸಾಕ್ಷಿಯನ್ನೊದಗಿಸಿದುವು. ಕ್ಲೋವರ್ ಹುಲ್ಲುಗಾವಲುಗಳನ್ನು ಉತ್ತು ಧಾನ್ಯ ಬಿತ್ತಿದ 1960ರ ದಶಕದಲ್ಲಿ ಕಾಡುಪಾರಿವಾಳಗಳು ಕಡಮೆಯಾದುವು. ರೇಪ್ ಬೆಳೆಯು ಹಬ್ಬಿ ಚಳಿಗಾಲದ ಊಟವು ಮರಳಿ ದೊರೆತೊಡನೆ, ಬಂದೂಕಗಳು ಹಿಂದಿನಂತೆಯೇ ಸಿಡಿಯುತ್ತಿದ್ದರೂ, ಅವು ಮತ್ತೆ ಹೆಚ್ಚಿದುವು.