ಪದವಲ್ಲ, ಪದದ ಅಚ್ಚು ಹುಡುಕಿ

ಪ್ರಾಜೆಕ್ಟಿಗೆಂದು ಕೂಡಿಟ್ಟ ನೂರಾರು ಟೆಕ್ಸ್ಟ್ ಫೈಲುಗಳಲ್ಲಿ ಇಸವಿ ಇರುವ ಸಾಲುಗಳಷ್ಟೇ ಬೇಕು. 1924, 1947, 1956 ಎಂದು ಒಂದೊಂದನ್ನೇ ಹುಡುಕುತ್ತ ಕುಳಿತರೆ ದಿನ ಸಾಲದು. ಇಲ್ಲಿ ನೆರವಿಗೆ ಬರುವುದೇ 'ರೆಗ್ಯುಲರ್ ಎಕ್ಸ್‌ಪ್ರೆಶನ್'. ಅಂದರೆ ಪದದ ಬದಲು ಪದದ ಅಚ್ಚನ್ನು ತಿಳಿಸುವ ಸಂಕೇತಭಾಷೆ.

ಇದರ ಗಣಿತವನ್ನು 1950ರ ದಶಕದಲ್ಲಿ ರೂಪಿಸಿದವರು ಅಮೆರಿಕದ ಸ್ಟೀಫನ್ ಕ್ಲೀನಿ. ಮುಂದೆ ಬೆಲ್ ಪ್ರಯೋಗಾಲಯದ ಲೀ ಮೆಕ್‌ಮಹನ್, 18ನೇ ಶತಮಾನದ 'ಫೆಡರಲಿಸ್ಟ್' ಪ್ರಬಂಧಗಳಲ್ಲಿ ಯಾವುದನ್ನು ಯಾರು ಬರೆದರೆಂದು ಪತ್ತೆ ಮಾಡಹೊರಟಾಗ, ಅಂದಿನ ಎಡಿಟರ್ ತಂತ್ರಾಂಶಕ್ಕೆ ಅಷ್ಟು ಪಠ್ಯ ಹಿಡಿಸಲಿಲ್ಲ. ಎಡಿಟರಿನ ಹುಡುಕುವ ಭಾಗವನ್ನಷ್ಟೇ ಬೇರ್ಪಡಿಸಿ ಕೆನ್ ಥಾಂಪ್ಸನ್ ಕೊಟ್ಟ ಸಾಧನವೇ 'ಗ್ರೆಪ್'. 1973ರಲ್ಲಿ ಅದು ಯುನಿಕ್ಸ್ ಸೇರಿತು.

ಉಚಿತವಾಗಿ ಸಿಗುವ 'ನೋಟ್‌ಪ್ಯಾಡ್ ಪ್ಲಸ್ ಪ್ಲಸ್'ನಲ್ಲೂ ಈ ಸೌಲಭ್ಯವಿದೆ. 'ಫೈಂಡ್ ಇನ್ ಫೈಲ್ಸ್' ತೆರೆದು, 'ರೆಗ್ಯುಲರ್ ಎಕ್ಸ್‌ಪ್ರೆಶನ್' ಆಯ್ದು, 19[0-9][0-9] ಎಂದು ಕೊಡಿ. ಒಂದೊಂದು ಕಂಸಕ್ಕೂ 'ಸೊನ್ನೆಯಿಂದ ಒಂಬತ್ತರವರೆಗಿನ ಯಾವುದಾದರೂ ಒಂದು ಅಂಕಿ' ಎಂದರ್ಥ. 1900ರಿಂದ 1999ರವರೆಗಿನ ಇಸವಿಗಳಿರುವ ಸಾಲುಗಳೆಲ್ಲ ಫೈಲಿನ ಹೆಸರಿನ ಸಮೇತ ಪಟ್ಟಿಯಾಗುತ್ತವೆ.

ಆದರೆ ಇಸವಿ ಯಾವುದು, ಬೆಲೆ ಯಾವುದು ಎಂಬುದು ಯಂತ್ರಕ್ಕೆ ತಿಳಿಯದು. '1950 ರೂಪಾಯಿ'ಯೂ ಪಟ್ಟಿಯಲ್ಲಿ ಬರುತ್ತದೆ. ನೂರು ಫೈಲುಗಳನ್ನು ಕ್ಷಣದಲ್ಲಿ ತಿದ್ದುವ ಸಾಧನ ಅಷ್ಟೇ ಬೇಗ ಕೆಡಿಸಲೂ ಬಲ್ಲದು. ಹಾಗಾಗಿ ಮೂಲ ಫೈಲುಗಳ ಪ್ರತಿ ತೆಗೆದಿಟ್ಟು, ಪಟ್ಟಿಯ ಮೇಲೆ ಕಣ್ಣಾಡಿಸಿ, ಆಮೇಲಷ್ಟೇ 'ರಿಪ್ಲೇಸ್' ಒತ್ತುವುದು ಜಾಣತನ.