ಒನಕೆ ಕಿಂಡಿ ಮುಂದೆ ಕ್ಯೂ ಯಾಕೆ ಕರಗಲ್ಲ?

ಕಳೆದ ಡಿಸೆಂಬರ್‌ನ ಒಂದು ಭಾನುವಾರ ನಾವು ಐದು ಜನ ಚಿತ್ರದುರ್ಗದ ಕೋಟೆಗೆ ಹೋಗಿದ್ವಿ. ನಮ್ಮಲ್ಲಿ ಇಬ್ಬರು ಹಿರಿಯೂರಿನವರು, ಒಬ್ಬ ಹೊಸದುರ್ಗದವನು, ಒಬ್ಬಳು ಹೊಳಲ್ಕೆರೆಯವಳು. ಐದನೆಯವನು ಬೆಂಗಳೂರಿನವನು, ಅವನಿಗೆ ತೋರಿಸೋಣ ಅಂತಲೇ ಹೊರಟಿದ್ದು. ಹನ್ನೊಂದೂವರೆ ಹೊತ್ತಿಗೆ ಒನಕೆ ಕಿಂಡಿ ಹತ್ತಿರ ಬಂದ್ರೆ ಕಿಂಡಿ ಕಾಣಲೇ ಇಲ್ಲ, ಬರೀ ಬೆನ್ನುಗಳು.

ನಮ್ಮ ಮುಂದೆ ಯಾವುದೋ ಹಳ್ಳಿ ಶಾಲೆಯ ಮಕ್ಕಳ ಸಾಲು ಇತ್ತು. ಅದರಲ್ಲಿ ಒಬ್ಬ ಹುಡುಗ, "ಸಾರ್, ಓಬವ್ವ ಯಾವ ಕಡೆ ನಿಂತಿದ್ಲು? ಒಳಗಡೆನಾ, ಹೊರಗಡೆನಾ?" ಅಂತ ಕೇಳಿದ. ಮೇಷ್ಟ್ರು ಹೇಳೋಕೆ ಬಾಯಿ ತೆರೆದ್ರು. ಅಷ್ಟರಲ್ಲಿ ಹಿಂದಿನಿಂದ "ಬೇಗ ಮುಂದೆ ಹೋಗ್ರೀ" ಅನ್ನೋ ಕೂಗು, ತಳ್ಳಾಟ. ಮಕ್ಕಳನ್ನ ಬೀಳದ ಹಾಗೆ ಹಿಡಿಯೋದರಲ್ಲೇ ಮೇಷ್ಟ್ರ ಸಮಯ ಹೋಯ್ತು. ಹುಡುಗನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಬಹುಶಃ ಅವನು ಇನ್ನು ಕೋಟೆಗೆ ಬರೋದು ಎಷ್ಟು ವರ್ಷಕ್ಕೋ.

ವಾಪಸ್ ಬರುವಾಗ ಬಸ್ಸಲ್ಲಿ ನಾವು ಮಾತಾಡಿದ್ದು ಇದನ್ನೇ. ಕೋಟೆ ಅಷ್ಟು ದೊಡ್ಡದು, ಏಳು ಸುತ್ತು, ಬೆಟ್ಟದ ಮೇಲೆ ಬೆಟ್ಟ. ಆ ದಿನ ಬಂದಿದ್ದ ಜನರನ್ನೆಲ್ಲ ಹರಡಿದ್ರೆ ಒಬ್ಬರಿಗೊಬ್ಬರು ಕಾಣಲೂ ಬಾರದು. ಹಾಗಿದ್ರೂ ನೂಕುನುಗ್ಗಲು ಯಾಕೆ?

ಉತ್ತರ ಓಬವ್ವನ ಕಥೆಯಲ್ಲೇ ಇದೆ. ಹೈದರಾಲಿಯ ಸೈನಿಕರು ಎಷ್ಟೇ ಇದ್ರೂ ಆ ಬಂಡೆ ಸಂದಿಯಲ್ಲಿ ಒಂದು ಸಲಕ್ಕೆ ಒಬ್ಬ ಮಾತ್ರ ನುಸುಳಬಹುದಿತ್ತು. ಕೈಯಲ್ಲಿ ಒನಕೆ ಹಿಡಿದ ಒಬ್ಬ ಹೆಂಗಸು ಒಂದು ಸೈನ್ಯವನ್ನ ತಡೆಯೋಕೆ ಆಗಿದ್ದು ಅದರಿಂದ. ಆವತ್ತು ಶತ್ರುಗಳನ್ನ ಒಬ್ಬೊಬ್ಬರಾಗಿ ಬರುವ ಹಾಗೆ ಮಾಡಿದ ಕಿಂಡಿಯೇ ಇವತ್ತು ಪ್ರವಾಸಿಗರನ್ನೂ ಒಬ್ಬೊಬ್ಬರಾಗಿ ಬಿಡುತ್ತೆ. ಒಟ್ಟು ಜನ ಎಷ್ಟು ಅನ್ನೋದಕ್ಕಿಂತ ಅತಿ ಇಕ್ಕಟ್ಟಾದ ಜಾಗದಲ್ಲಿ ನಿಮಿಷಕ್ಕೆ ಎಷ್ಟು ಜನ ದಾಟ್ತಾರೆ ಅನ್ನೋದೇ ಇಲ್ಲಿ ಮುಖ್ಯ. ನಮ್ಮ ಪಠ್ಯದ ಭಾಷೆಯಲ್ಲಿ ಬಾಟಲ್‌ನೆಕ್.

ಸ್ವಲ್ಪ ಲೆಕ್ಕ ಮಾಡೋಣ, ಹೆದರಬೇಡಿ, ಎಂ-ತ್ರೀಗಿಂತ ಸುಲಭ. ಒಬ್ಬರಿಗೆ ಕಿಂಡಿ ನೋಡಿ ಸರಿಯೋಕೆ ಸರಾಸರಿ 15 ಸೆಕೆಂಡ್ ಬೇಕು ಅಂದ್ಕೊಳ್ಳಿ. ಅಂದ್ರೆ ನಿಮಿಷಕ್ಕೆ 4 ಜನ ದಾಟಬಹುದು. ಜನ ಒಂದೇ ಸಮ ಬರಲ್ಲ, ಒಮ್ಮೆ ಗುಂಪಾಗಿ, ಒಮ್ಮೆ ಯಾರೂ ಇಲ್ಲದೆ ಬರ್ತಾರೆ. ಇಂಥ ಸರಳ ಕ್ಯೂಗೆ ಸೂತ್ರ ಇದು: ಒಬ್ಬರು ಸಾಲಿನಲ್ಲಿ ಕಳೆಯುವ ಸರಾಸರಿ ಸಮಯ = 1 ÷ (ದಾಟುವ ವೇಗ − ಬರುವ ವೇಗ). ನಿಮಿಷಕ್ಕೆ 3 ಜನ ಬಂದ್ರೆ 1 ನಿಮಿಷ. 3.8 ಜನ ಬಂದ್ರೆ 5 ನಿಮಿಷ. 3.95 ಜನ ಬಂದ್ರೆ 20 ನಿಮಿಷ! ಬರುವವರು ಮೂರನೇ ಒಂದು ಭಾಗದಷ್ಟೂ ಜಾಸ್ತಿ ಆಗಿಲ್ಲ, ಕಾಯೋದು ಮಾತ್ರ ಇಪ್ಪತ್ತು ಪಟ್ಟು. "ಅರ್ಧ ಗಂಟೆ ಮುಂಚೆ ಖಾಲಿ ಇತ್ತು ಮಾರಾಯ, ಈಗ ನೋಡು" ಅಂತ ಎಲ್ಲರೂ ಹೇಳೋದು ಇದಕ್ಕೇ. ಬರುವ ವೇಗ 4 ದಾಟಿತೋ, ಸೂತ್ರವೂ ಕೈ ಎತ್ತುತ್ತೆ. ನಿಮಿಷಕ್ಕೆ 6 ಜನ ಬಂದ್ರೆ ಅರ್ಧ ಗಂಟೆಯಲ್ಲಿ 60 ಜನರ ಗುಡ್ಡೆ, ಅದೂ ಜಾರುವ ಬಂಡೆ ಮೇಲೆ.

ಇನ್ನು ಸೆಲ್ಫಿ ಸೇರಿಸಿ. ಒಬ್ಬೊಬ್ಬರೂ ಒನಕೆ ಎತ್ತಿದ ಹಾಗೆ ಪೋಸ್ ಕೊಟ್ಟು 15ರ ಬದಲು 30 ಸೆಕೆಂಡ್ ತಗೊಂಡ್ರೆ ದಾಟುವ ವೇಗ ನಿಮಿಷಕ್ಕೆ 4ರಿಂದ 2ಕ್ಕೆ ಇಳಿಯುತ್ತೆ. ಕಿಂಡಿ ಚಿಕ್ಕದಾಗಲಿಲ್ಲ, ಅದನ್ನ ಅರ್ಧ ಮಾಡಿದ್ದು ನಾವು. (ನಾವೂ ತೆಗೆಸಿಕೊಂಡ್ವಿ. ಗ್ರೂಪ್ ಡಿಪಿ ಈಗಲೂ ಅದೇ.)

ಎಲ್ಲರೂ ಅಲ್ಲಿಗೇ ಯಾಕೆ ಹೋಗ್ತಾರೆ ಅಂದ್ರೆ, ಪುಟ್ಟಣ್ಣ ಕಣಗಾಲರ 1972ರ 'ನಾಗರಹಾವು' ಓಬವ್ವನನ್ನ ಮನೆಮನೆಗೆ ತಲುಪಿಸಿತು. ತಪ್ಪೇನಿಲ್ಲ. ಆದ್ರೆ ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್. ಬೆಳಿಗ್ಗೆ ಹೊರಟು, ದಾರಿಯಲ್ಲಿ ತಿಂಡಿ ಮುಗಿಸಿದವರೆಲ್ಲ ಸರಿಸುಮಾರು ಒಂದೇ ಹೊತ್ತಿಗೆ ಗೇಟಲ್ಲಿ ಇಳೀತಾರೆ. ಡಿಸೆಂಬರ್ ಆದ್ರೆ ಸ್ಕೂಲ್ ಬಸ್‌ಗಳೂ ಸೇರ್ತವೆ. ಎಲ್ಲರಿಗೂ ಒಂದೇ ಸಮಯ, ಒಂದೇ ದಾರಿ, ಒಂದೇ ಕಿಂಡಿ.

ಥೀಮ್ ಪಾರ್ಕ್‌ಗಳು ಈ ಸಮಸ್ಯೆಯನ್ನ ದುಡ್ಡಿನ ಲೆಕ್ಕದಲ್ಲಿ ನೋಡಿ ಬಿಡಿಸಿಕೊಂಡಿವೆ. ಡಿಸ್ನಿ 1999ರಲ್ಲಿ ಫಾಸ್ಟ್‌ಪಾಸ್ ತಂದಿತು. ರೈಡ್ ಮುಂದೆ ನಿಲ್ಲೋ ಬದಲು ಸಮಯ ಬರೆದ ಚೀಟಿ ತಗೊಂಡು ಬೇರೆ ಕಡೆ ಸುತ್ತಾಡಿ ಬನ್ನಿ ಅಂತ. ಬಿಡದಿ ಹತ್ತಿರದ ವಂಡರ್‌ಲಾದಲ್ಲಿ ಜಾಸ್ತಿ ಕೊಟ್ರೆ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಸಿಗುತ್ತೆ. ಆದ್ರೆ ಜಾಸ್ತಿ ಕೊಟ್ಟವರು ಮುಂದೆ ಹೋದ ಮಾತ್ರಕ್ಕೆ ರೈಡ್‌ನ ವೇಗ ಹೆಚ್ಚಲ್ಲ, ಅವರು ಉಳಿಸಿಕೊಂಡ ಸಮಯವನ್ನ ಉಳಿದವರು ಕಾಯಬೇಕು. ಕೋಟೆಗೆ ಇದು ಬೇಡ ಅಂತ ನಮ್ಮ ಅಭಿಪ್ರಾಯ. ಹಳ್ಳಿ ಶಾಲೆ ಮಕ್ಕಳನ್ನ ಹಿಂದೆ ನಿಲ್ಲಿಸಿ ಕಾರಲ್ಲಿ ಬಂದವರಿಗೆ ಕಿಂಡಿ ತೋರಿಸೋದು ಯಾವ ನ್ಯಾಯ?

ಇಕ್ಕಟ್ಟಿನ ಕಥೆ ಕೋಟೆಗೇ ಮುಗಿಯಲ್ಲ. ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ, ನಮ್ಮೂರವರ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದಿದ್ದು 89 ವರ್ಷ ಆದ್ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ. ಆಮೇಲೆ 2025ರ ಜನವರಿಯಲ್ಲಿ. ನಮ್ಮ ಹಿರಿಯೂರಿನ ಗೆಳೆಯರ ಮನೆಯಲ್ಲಿ ಅಜ್ಜಿಯಿಂದ ಹಿಡಿದು ಎಲ್ಲರೂ ಹೊರಟಿದ್ರು, ಬದುಕಿನಲ್ಲಿ ಮೊದಲ ಸಲ ತುಂಬಿದ ಡ್ಯಾಮ್ ನೋಡೋಕೆ. ಎರಡು ಗುಡ್ಡದ ನಡುವೆ ಕಿರಿದಾದ ಸಂದಿ ಸಿಕ್ಕಿದ್ದಕ್ಕೇ ವೇದಾವತಿಗೆ ಅಲ್ಲಿ ಅಣೆಕಟ್ಟು ಕಟ್ಟಿದ್ದು. ನೀರು ನಿಲ್ಲಿಸೋಕೆ ಒಳ್ಳೆಯದಾದ ಕಣಿವೆ ಕಾರು, ಬೈಕು, ಟ್ರ್ಯಾಕ್ಟರ್‌ಗಳನ್ನೂ ನಿಲ್ಲಿಸಿಬಿಡ್ತು. ಅಜ್ಜಿ ಕಾರಿನಲ್ಲೇ ಕೂತಿದ್ದು, ಕತ್ತಲಾದ ಮೇಲೆ ಬರೀ ನೀರಿನ ಸದ್ದು ಕೇಳಿ ವಾಪಸ್ ಬಂದ್ರಂತೆ. ಅದೇ ನೀರು ಹೊಸದುರ್ಗದ ಕಡೆ ಹಿನ್ನೀರಾಗಿ ತೋಟಗಳಿಗೆ ನುಗ್ಗಿತ್ತು. ಅಲ್ಲಿಯ ನಮ್ಮ ಗೆಳೆಯನಿಗೆ ಕೋಡಿ ಅಂದ್ರೆ ಹಬ್ಬ ಅಷ್ಟೇ ಅಲ್ಲ.

ಹೊಳಲ್ಕೆರೆಯವಳು ಇದಕ್ಕೆ ಉಲ್ಟಾ ಉದಾಹರಣೆ ಕೊಟ್ಟಳು: ಅವರೂರಿನ ಬಯಲು ಗಣಪ. ಬಯಲಲ್ಲಿ ಕೂತ ದೊಡ್ಡ ಮೂರ್ತಿ, ದೂರದಿಂದಲೇ ಕಾಣ್ತಾನೆ. ದರ್ಶನಕ್ಕೆ ಕಿರಿದಾದ ಬಾಗಿಲು ಇಲ್ಲ ಅಂದ್ರೆ ಜನ ಸೇರಿದ್ರೂ ನೋಡೋದಕ್ಕೆ ಅಡ್ಡಿ ಇಲ್ಲ. ವಾದ ಗೆದ್ದಳು ಅಂತ ಒಪ್ಪಿಕೊಂಡ್ವಿ.

ಇದು ಬರೀ ಬೇಜಾರಿನ ವಿಷಯವೂ ಅಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಚದರ ಮೀಟರಿಗೆ ಐದಾರು ಜನ ದಾಟಿದ ಮೇಲೆ ಗುಂಪು ನೀರಿನ ಹಾಗೆ ವರ್ತಿಸುತ್ತೆ, ಒಬ್ಬ ವ್ಯಕ್ತಿಗೆ ತನ್ನ ಕಾಲಿನ ಮೇಲೆ ಹಿಡಿತ ಇರಲ್ಲ. ಮುಂದಿನವರಿಗೆ ಆಗ್ತಿರೋದು ಹಿಂದಿನವರಿಗೆ ಕಾಣಲ್ಲ, ಅವರು ತಳ್ಳುತ್ತಲೇ ಇರ್ತಾರೆ.

ಬೇರೆ ಕಡೆ ಮಾಡಿದ್ದು ಏನು? 2024ರ ಜನವರಿ ರಜೆಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಜನ ಸಾಲುಗಟ್ಟಿ ನಿಂತ ವಿಡಿಯೋ ನೀವೂ ನೋಡಿರ್ತೀರಿ. ಆಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅನ್ನೋ ಮಿತಿ ತಂದಿತು. ತಾಜ್‌ಮಹಲ್‌ನಲ್ಲಿ 2019ರಿಂದ ಒಂದು ಟಿಕೆಟ್‌ಗೆ ಮೂರು ಗಂಟೆ ಅಂತ ಮಿತಿ ಇದೆ. ಆದ್ರೆ ನಮ್ಮ ಕೋಟೆಗೆ ದಿನದ ಮಿತಿಗಿಂತ ಗಂಟೆಯ ಮಿತಿ, ಅದಕ್ಕಿಂತ ದಾರಿಯ ಬದಲಾವಣೆ ಹೆಚ್ಚು ಕೆಲಸ ಮಾಡುತ್ತೆ ಅನ್ಸುತ್ತೆ.

ದಾರಿ ತೋರಿಸಿಕೊಟ್ಟವರು ಕೋಟೆ ಕಟ್ಟಿದವರೇ. ಮೇಲೆ ಗೋಪಾಲಸ್ವಾಮಿ ಹೊಂಡ ಇದೆಯಲ್ಲ, ಅದು ತುಂಬಿದ ಮೇಲೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುವ ಹಾಗೆ ಜೋಡಿಸಿದ್ದಾರೆ. ಒಂದೇ ಸಲ ಸುರಿಯೋ ಮಳೆಯನ್ನ ಅಲ್ಲಲ್ಲಿ ನಿಲ್ಲಿಸಿ ನಿಧಾನವಾಗಿ ಬಿಡೋದು. ಜನರಿಗೂ ಹೀಗೇ ಮಾಡಬಹುದಲ್ವಾ? ಒಂದು ಬಸ್ಸಿನ ಮಕ್ಕಳು ಮೊದಲು ಏಕನಾಥೇಶ್ವರಿ ಗುಡಿ ಕಡೆ, ಇನ್ನೊಂದು ಬಸ್ಸಿನವರು ಅಕ್ಕ-ತಂಗಿ ಹೊಂಡದ ಕಡೆ, ಮೂರನೆಯವರು ಕಿಂಡಿಗೆ. ಆಮೇಲೆ ಅದಲು ಬದಲು. ಗೇಟಲ್ಲಿ ಒಂದು ಬೋರ್ಡು, ಇಬ್ಬರು ಸ್ವಯಂಸೇವಕರು ಸಾಕು. ನಮ್ಮ ಕಾಲೇಜಿನ ಎನ್ನೆಸ್ಸೆಸ್‌ನವರು ಡಿಸೆಂಬರ್ ಭಾನುವಾರಗಳಿಗೆ ಒಪ್ಪಿದ್ರೆ ನಾವು ಐದು ಜನ ಮೊದಲು ಹೆಸರು ಕೊಡ್ತೀವಿ.

ಅಂದಹಾಗೆ, ಓಬವ್ವ ನಿಂತಿದ್ದು ಒಳಗಡೆ. ತಣ್ಣೀರು ದೋಣಿಗೆ ನೀರಿಗೆ ಅಂತ ಬಂದವಳು, ಕಿಂಡಿಯ ಒಳಬಾಯಿಯ ಪಕ್ಕದಲ್ಲಿ, ತಲೆ ತೂರಿಸಿದವನಿಗೆ ಕಾಣದ ಹಾಗೆ. ಆ ಹುಡುಗ ಮತ್ತೆ ಸಿಕ್ಕಿದ್ರೆ ಹೇಳಬೇಕು.