ಡರ್ಟ್ ರೇಸ್ ಆಯೋಜಕರು ಜವಾಬ್ದಾರಿ ಬಿಡೋದು ಯಾವಾಗ? ಸಹಿ ಹಾಕೋ ಮುಂಚೆ ನೋಡಬೇಕಾದ ವಿಷಯ

ಭತ್ತದ ಕೊಯ್ಲು ಮುಗಿದು ಗದ್ದೆ ಒಣಗುತ್ತಿದ್ದಂತೆ ಕೊಡಗು, ಹಾಸನ, ಚಿಕ್ಕಮಗಳೂರು ಕಡೆ ಬೈಕ್ ಡರ್ಟ್ ರೇಸ್‌ಗಳ ಫ್ಲೆಕ್ಸ್ ಕಾಣಿಸಿಕೊಳ್ಳುತ್ತವೆ. ಬಹುಮಾನದ ಮೊತ್ತ ದೊಡ್ಡ ಅಕ್ಷರದಲ್ಲಿ, ಆಯೋಜಕರ ಹೆಸರು, ಮೊಬೈಲ್ ನಂಬರ್ ಕೆಳಗಡೆ ಸಣ್ಣದಾಗಿ. ಕೆಲವು ಊರಲ್ಲಿ ಎಷ್ಟೋ ವರ್ಷದಿಂದ ಆ ನಂಬರ್ ಬದಲಾಗಿಲ್ಲ. "ಅಣ್ಣ ಇದ್ರೆ ರೇಸು, ಇಲ್ದಿದ್ರೆ ಇಲ್ಲ" ಅಂತ ಹುಡುಗರು ಹೆಮ್ಮೆಯಿಂದ ಹೇಳ್ತಾರೆ. ಕೇಳೋಕೆ ಹೊಗಳಿಕೆ. ಆದರೆ ಆ ಅಣ್ಣನಿಗೂ ಊರಿಗೂ ಇದು ಅಷ್ಟು ಒಳ್ಳೆಯ ಸುದ್ದಿಯಲ್ಲ.

ಒಂದು ದಿನದ ರೇಸ್ ಹಿಂದೆ ತಿಂಗಳುಗಟ್ಟಲೆ ಓಡಾಟ ಇರುತ್ತೆ. ಗದ್ದೆ ಮಾಲೀಕರ ಒಪ್ಪಿಗೆ, ಪೊಲೀಸ್ ಠಾಣೆ, ಗ್ರಾಮ ಪಂಚಾಯ್ತಿ, ಮೈಕ್ ಪರ್ಮಿಷನ್, ಟ್ರ್ಯಾಕ್ ಕಡಿಯೋ ಜೆಸಿಬಿ, ಧೂಳಿಗೆ ನೀರಿನ ಟ್ಯಾಂಕರ್, ತಿರುವಿನಲ್ಲಿ ಇಡೋ ಹಳೇ ಟೈರು, ಹುಲ್ಲಿನ ಪಿಂಡಿ, ಊಟ, ಕಪ್ಪು. ಇದೆಲ್ಲ ಒಬ್ಬರ ಫೋನಲ್ಲಿ, ಒಬ್ಬರ ತಲೆಯಲ್ಲೇ ಇದ್ದರೆ, ಆ ವ್ಯಕ್ತಿಗೆ ಜ್ವರ ಬಂದರೂ ರೇಸ್ ನಿಂತಂತೆ.

ಫ್ಲೆಕ್ಸ್‌ನಲ್ಲಿ ಸಣ್ಣದಾಗಿರೋ ಆ ಹೆಸರು ಕಾನೂನಿನ ಮುಂದೆ ಮಾತ್ರ ದೊಡ್ಡದು. ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಸ್ಪರ್ಧೆ ನಡೆಸಲು ಬಿಡೋದು, ಅದರಲ್ಲಿ ಭಾಗವಹಿಸೋದು ಎರಡೂ ಮೋಟಾರು ವಾಹನ ಕಾಯ್ದೆಯ ಕಲಂ 189ರ ಪ್ರಕಾರ ಅಪರಾಧ. 2019ರ ತಿದ್ದುಪಡಿ ಬಳಿಕ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ನಮ್ಮದು ಖಾಸಗಿ ಗದ್ದೆ, ಈ ಕಲಂ ಬರಲ್ಲ ಅಂತ ವಾದಿಸಬಹುದು. ಆದರೆ ನಿರ್ಲಕ್ಷ್ಯದಿಂದ ಯಾರಾದರೂ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 106 ಇದೆ. ಅದು ಗದ್ದೆ ಯಾರದ್ದು ಅಂತ ಕೇಳಲ್ಲ. ಹಳೇ ಐಪಿಸಿಯಲ್ಲಿ ಇದಕ್ಕೆ ಗರಿಷ್ಠ 2 ವರ್ಷ ಶಿಕ್ಷೆ ಇತ್ತು, ಈಗ 5 ವರ್ಷ.

ಇನ್ನು ವಿಮೆ. ಬೈಕಿಗೆ ಮಾಡಿಸಿರೋ ಮಾಮೂಲಿ ಪಾಲಿಸಿಯಲ್ಲಿ ಆಯೋಜಿತ ರೇಸಿಂಗ್ ಸೇರಲ್ಲ. ಪಾಲಿಸಿ ಹಾಳೆ ತೆಗೆದು ನೋಡಿ, ಬರೆದೇ ಇರುತ್ತೆ. ಹಗ್ಗ ದಾಟಿ ಬಂದ ಬೈಕು ಪ್ರೇಕ್ಷಕನ ಕಾಲು ಮುರಿದರೆ ಆಸ್ಪತ್ರೆ ಬಿಲ್ ಹಿಡಿದು ಬರೋದು ಆಯೋಜಕರ ಮನೆಗೇ. ಇದಕ್ಕಾಗಿಯೇ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ, ಅಂದರೆ ಎಫ್‌ಎಂಎಸ್‌ಸಿಐ ಪರವಾನಗಿ, ಸವಾರರಿಗೆ ಸ್ಪರ್ಧಾ ಲೈಸೆನ್ಸ್, ಪ್ರತ್ಯೇಕ ವಿಮೆ ಬೇಕು ಅನ್ನೋದು. ವರ್ಷಗಟ್ಟಲೆ ಏನೂ ಆಗದೆ ನಡೆದುಬಿಟ್ಟರೆ ಇದೆಲ್ಲ ಸುಮ್ಮನೆ ಖರ್ಚು ಅನ್ನಿಸೋಕೆ ಶುರುವಾಗುತ್ತೆ.

ಸುಸ್ತಲ್ಲ, ಸಲೀಸೇ ಅಪಾಯ

ಸುಸ್ತಾಯ್ತು ಅಂತ ಬಿಡೋರು ಕಮ್ಮಿ. ರೇಸ್ ಮುಗಿದ ರಾತ್ರಿ ಎಲ್ಲರೂ "ಇನ್ನು ಸಾಕಪ್ಪಾ" ಅಂತಾರೆ, ವಾರ ಕಳೆದರೆ ಮರೆತಿರ್ತಾರೆ. ನೋಡಬೇಕಾದ ಲಕ್ಷಣ ಬೇರೆ. ಬೆಳಗ್ಗೆ ಹತ್ತು ಗಂಟೆ ಅಂದುಕೊಳ್ಳಿ. ಜನ ಸೇರಿದ್ದಾರೆ, ಬಾವುಟ ತೋರಿಸೋಕೆ ಬಂದ ಗಣ್ಯರು ವಾಚ್ ನೋಡ್ತಿದ್ದಾರೆ, ಆಂಬುಲೆನ್ಸ್ ಬಂದಿಲ್ಲ. ಮೊದಲ ವರ್ಷದ ಆಯೋಜಕರು ಭಯಕ್ಕಾದರೂ ಕಾಯ್ತಾರೆ. ಹತ್ತನೇ ವರ್ಷದವರು "ಬರುತ್ತೆ ಬಿಡ್ರೀ, ಶುರು ಮಾಡಿ" ಅಂತಾರೆ. ಗಾಯಾಳುವನ್ನು ಹೊತ್ತು ಆಂಬುಲೆನ್ಸ್ ಹೊರಟರೆ, ಇನ್ನೊಂದು ಬರೋವರೆಗೆ ಟ್ರ್ಯಾಕ್ ಮೇಲೆ ಬೈಕ್ ಬಿಡಬಾರದು. ಅಲ್ಲೂ ಇದೇ ಮಾತು ಬಂದರೆ, ಆ ಆಯೋಜಕರ ಕೈಯಲ್ಲಿ ಕೆಂಪು ಬಾವುಟ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ರೇಸ್ ನಿಲ್ಲಿಸೋಕೆ ಆಗದವರು ರೇಸ್ ನಡೆಸೋದು ಬೇಡ.

ಬೆಂಗಳೂರಿನ ಸಿ.ಎಸ್. ಸಂತೋಷ್ 2021ರಲ್ಲಿ ಸೌದಿ ಅರೇಬಿಯಾದ ಡಾಕರ್ ರ‍್ಯಾಲಿಯಲ್ಲಿ ಬಿದ್ದು ತಲೆಗೆ ಪೆಟ್ಟಾದಾಗ ಹೆಲಿಕಾಪ್ಟರ್‌ನಲ್ಲಿ ರಿಯಾದ್ ಆಸ್ಪತ್ರೆಗೆ ಸಾಗಿಸಿದ್ದರು. ನಮ್ಮ ಕಡೆ ತಲೆಗೆ ಪೆಟ್ಟಾದರೆ ತಾಲ್ಲೂಕು ಆಸ್ಪತ್ರೆಯಿಂದ ಮಂಗಳೂರಿಗೋ ಮೈಸೂರಿಗೋ ಬರೆದುಕೊಡ್ತಾರೆ. ದಾರಿ ಎಂಥದ್ದು ಅಂತ ಓದುಗರಿಗೆ ಹೇಳಬೇಕಾಗಿಲ್ಲ.

ದುಡ್ಡಿನ ಲಕ್ಷಣವೂ ಇದೆ. ಕೊರತೆ ತುಂಬೋಕೆ ಮನೆಯ ಒಡವೆ ಅಡ ಇಡೋ ಹಂತ ಬಂದರೆ ಅದು ಹವ್ಯಾಸ ಅಲ್ಲ. ಪೇಟೆಯ ಅಂಗಡಿಯವರಿಗೆ ಇದು ಬೇಗ ಗೊತ್ತಾಗುತ್ತೆ. ರಸೀದಿ ಪುಸ್ತಕ ಹಿಡಿದು ಬಂದಾಗ ರೇಸ್‌ಗಾಗಿ ಕೊಡೋದು ಬೇರೆ, ಬಂದವರ ಮುಖ ನೋಡಿ ಕೊಡೋದು ಬೇರೆ. ಮುಖ ನೋಡಿ ಕೊಡೋ ದುಡ್ಡು, ಮುಖ ಬದಲಾದ ವರ್ಷ ಬರಲ್ಲ. ಹಾರ್ಡ್‌ವೇರ್ ಅಂಗಡಿಯವರೋ ಟೈರ್ ಅಂಗಡಿಯವರೋ ಹೋದ ವರ್ಷದ ಖರ್ಚಿನ ಲೆಕ್ಕ ತೋರಿಸಿ ಅಂತ ಕೇಳಿದರೆ ತಪ್ಪೇನಿಲ್ಲ, ಅವರ ಹೆಸರೂ ಫ್ಲೆಕ್ಸ್ ಮೇಲೆ ಇರುತ್ತೆ.

ಇನ್ನೊಂದು ಸೂಕ್ಷ್ಮ ವಿಷಯ: ಆಯೋಜಕರ ಮಗನೋ ತಮ್ಮನೋ ಸ್ಪರ್ಧೆಗೆ ಇಳಿಯೋದು. ಅವನು ಗೆದ್ದರೆ ಊರು ಮಾತಾಡುತ್ತೆ, ಸೋತರೆ ಮನೆ ಮಾತಾಡುತ್ತೆ. ಆ ವರ್ಷ ಫಲಿತಾಂಶದ ಟೇಬಲ್‌ನಿಂದ ದೂರ ಇರೋದೇ ವಾಸಿ.

ಬಿಡೋದಕ್ಕೂ ಸಮಯ ಇದೆ

ರೇಸ್‌ಗೆ ತಿಂಗಳಿರುವಾಗ ಕೈ ಬಿಡೋದು ಸರಿಯಲ್ಲ. ಅಪಘಾತ ಆದ ಮರುದಿನ ರಾಜೀನಾಮೆ ಕೊಡೋದಂತೂ ಬೇಡವೇ ಬೇಡ. ಪೊಲೀಸ್ ಹೇಳಿಕೆ, ವಿಮೆ ಕಾಗದ, ಗಾಯಾಳು ಮನೆಯವರ ಜೊತೆಗಿನ ಮಾತು, ಇವು ಮುಗಿಯೋವರೆಗೆ ಹಳಬರೇ ನಿಲ್ಲಬೇಕು. ಒಂದು ಸೀಸನ್ ಮೊದಲೇ ಹೇಳಿ, ಮುಂದೆ ನಡೆಸೋ ಇಬ್ಬರು ಮೂವರನ್ನು ಗದ್ದೆ ಮಾಲೀಕರ ಹತ್ತಿರ, ಠಾಣೆಗೆ, ಅಂಗಡಿಗಳಿಗೆ ಜೊತೆಯಲ್ಲೇ ಕರೆದುಕೊಂಡು ಹೋಗೋದು ಒಳ್ಳೇ ದಾರಿ. ಒಬ್ಬರಿಗೇ ವಹಿಸಿದರೆ ಮತ್ತೆ ಅದೇ ಕಥೆ.

ಬಾಯಿಮಾತಲ್ಲಿ ಬಿಟ್ಟರೆ ಸಾಲದು. ಕ್ಲಬ್ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಣಿ ಆಗಿದ್ದರೆ ಆಡಳಿತ ಮಂಡಳಿಯ ಪಟ್ಟಿ, ಆಡಿಟ್ ಆದ ಲೆಕ್ಕ ಪ್ರತಿ ವರ್ಷ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಅಲ್ಲಿ ಹೆಸರು ಬದಲಾಗದಿದ್ದರೆ ನೋಟಿಸ್ ಹಳಬರ ಹೆಸರಿಗೇ ಬರಬಹುದು. ಬ್ಯಾಂಕ್ ಖಾತೆಯ ಸಹಿ, ಅನುಮತಿ ಅರ್ಜಿ, ವಾಟ್ಸಾಪ್ ಗುಂಪಿನ ಅಡ್ಮಿನ್, ಫ್ಲೆಕ್ಸ್ ಮೇಲಿನ ನಂಬರ್, ಎಲ್ಲವೂ ಬದಲಾಗಬೇಕು. ನೋಂದಣಿಯೇ ಇಲ್ಲದ ಗೆಳೆಯರ ಬಳಗ ಆಗಿದ್ದರೆ ಮೊದಲು ಏಳು ಜನ ಸೇರಿ ಸಂಘ ಮಾಡಿಕೊಳ್ಳಲಿ. ಕಾಯ್ದೆ ಕೇಳೋದು ಕನಿಷ್ಠ ಅಷ್ಟು ಜನರನ್ನ.

ಬಿಟ್ಟವರು ಮರುವರ್ಷ ಪೆಂಡಾಲ್‌ನಲ್ಲಿ ಮೈಕ್ ಪಕ್ಕ ಕೂತು "ಆ ತಿರುವು ಹಂಗಲ್ಲ ಮಾಡೋದು" ಅನ್ನೋದು ಹೊಸಬರಿಗೆ ದೊಡ್ಡ ಕಾಟ. ಸುಮ್ಮನಿರೋಕೆ ಆಗದಿದ್ದರೆ ದೂರದ ತಿರುವಲ್ಲಿ ಹಳದಿ ಬಾವುಟ ಹಿಡಿದು ನಿಂತರೆ ಆಯ್ತು. ಅನುಭವಸ್ಥ ಮಾರ್ಷಲ್‌ಗಳು ಸಿಗೋದೇ ಕಷ್ಟ.

ಯಾರೂ ಮುಂದೆ ಬರದಿದ್ದರೆ? ಆ ವರ್ಷ ರೇಸ್ ಬೇಡ. ಮುಂದಿನ ಬೇಸಿಗೆಗೆ ರೇಸ್ ಬೇಕು ಅನ್ನೋ ಊರಿನವರು ಯಾರ ಹೆಸರಲ್ಲಿ ಅರ್ಜಿ ಅನ್ನೋದನ್ನ ಮಳೆ ಹಿಡಿಯೋ ಮುಂಚೆ ತೀರ್ಮಾನಿಸಿಕೊಂಡರೆ, ದಸರಾ ಹೊತ್ತಿಗೆ ಹೊಸಬರು ಗದ್ದೆ ಮಾಲೀಕರ ಹತ್ತಿರ ಮಾತಾಡಲು ಶುರು ಮಾಡಬಹುದು.